‘ಕ್ವೆಂತ’: ಮಣಿಯೂ ಹೌದು, ಬಿಲ್ಲೂ ಹೌದು, ಅರಿವೂ ಹೌದು

ಪ್ರಶ್ನೆ: ಆರು ತಿಂಗಳಿಂದ ಸ್ಪ್ಯಾನಿಷ್ ಕಲಿಯುತ್ತಿದ್ದೇನೆ. ಹೋಟೆಲಿನಲ್ಲಿ ಬಿಲ್ ಕೇಳಲು ‘ಲ ಕ್ವೆಂತ, ಪೊರ್ ಫಬೋರ್’ ಅನ್ನಬೇಕೆಂದು ಮೊದಲ ಪಾಠದಲ್ಲೇ ಕಲಿಸಿದರು. ಆಮೇಲೆ ‘ಮೆ ದಿ ಕ್ವೆಂತ’ ಅಂದರೆ ‘ನನಗೆ ಗೊತ್ತಾಯಿತು’ ಎಂದರು. ಮೊನ್ನೆ ಓದಿದ ಕಥೆಯಲ್ಲಿ ಒಬ್ಬ ಅಜ್ಜಿ ‘ಕ್ವೆಂತಸ್’ ಸರಿಸುತ್ತ ಕೂತಿದ್ದಳು. ನಿಘಂಟು ನೋಡಿದರೆ ಮಣಿ ಎಂದಿದೆ. ಮೂರೂ ಒಂದೇ ಪದವೇ? ಹೌದಾದರೆ ಎಲ್ಲಿ ಯಾವ ಅರ್ಥ ಎಂದು ತಿಳಿಯುವುದು ಹೇಗೆ?

ಉತ್ತರ: ಮೂರೂ ಒಂದೇ ಪದ. ಮೂರಕ್ಕೂ ತಾಯಿ ‘ಕೊಂತಾರ್’ ಎಂಬ ಕ್ರಿಯಾಪದ, ಅಂದರೆ ಎಣಿಸುವುದು. ಎಣಿಕೆ ಬೆರಳಿಗೆ ಸಿಕ್ಕರೆ ಮಣಿ, ಕಾಗದದ ಮೇಲೆ ಕೂತರೆ ಬಿಲ್ಲು ಅಥವಾ ಖಾತೆ, ಮನಸ್ಸಿನಲ್ಲಿ ಕೂತರೆ ಅರಿವು. ಕನ್ನಡಿಗರಿಗೆ ಇದು ವಿಚಿತ್ರ ಅನ್ನಿಸಬೇಕಿಲ್ಲ. ‘ದುಡ್ಡು ಎಣಿಸಿದೆ’ ಅನ್ನುವವರೇ ‘ನೀವು ಬರ್ತೀರ ಅಂತ ಎಣಿಸಿದ್ದೆ’ ಅನ್ನುತ್ತೇವೆ. ಕೈಯಲ್ಲಿ ಮಾಡುವ ಎಣಿಕೆ ನಮ್ಮಲ್ಲೂ ತಲೆಯೊಳಗಿನ ಎಣಿಕೆಯಾಗಿದೆ. ‘ಲೆಕ್ಕ’ದ ಕಥೆಯೂ ಅದೇ. ‘ಕ್ವೆಂತ’ದ ಅರ್ಧ ದಾರಿಯನ್ನು ‘ಲೆಕ್ಕ’ ಎಂಬ ಪದದ ಕೈಹಿಡಿದೇ ದಾಟಬಹುದು. ಕಲಿಯುವವರು ಎಡವುವುದು ಉಳಿದರ್ಧದಲ್ಲಿ.

ಮೊದಲು ಉಚ್ಚಾರ. ಬರೆಯುವುದು ಸಿ, ಯು, ಇ, ಎನ್, ಟಿ, ಎ. ಓದುವುದು ‘ಕ್ವೆಂತ’, ಒತ್ತು ‘ಕ್ವೆಂ’ ಮೇಲೆ. ಇಲ್ಲಿನ ಟಿ ಅಕ್ಷರ ನಮ್ಮ ತಕಾರವೇ. ಇಂಗ್ಲಿಷಿನ ಅಭ್ಯಾಸದಲ್ಲಿ ‘ಕ್ವೆಂಟ’ ಅನ್ನಬೇಡಿ. ಪದ ಸ್ತ್ರೀಲಿಂಗ: ಒಂದಾದರೆ ‘ಲ ಕ್ವೆಂತ’, ಹಲವಾದರೆ ‘ಲಾಸ್ ಕ್ವೆಂತಸ್’. ‘ಕೊಂತಾರ್’ನಲ್ಲಿ ‘ಒ’ ಇದ್ದು ‘ಕ್ವೆಂತ’ದಲ್ಲಿ ‘ವೆ’ ಬಂದದ್ದು ಒತ್ತಿನ ದೆಸೆಯಿಂದ. ಈ ಧಾತುವಿನ ‘ಒ’ ಮೇಲೆ ಒತ್ತು ಬಿದ್ದಾಗ ಅದು ‘ವೆ’ ಆಗುತ್ತದೆ, ಒತ್ತು ಮುಂದೆ ಸರಿದರೆ ಮತ್ತೆ ‘ಒ’. ಹಾಗಾಗಿ ಲೆಕ್ಕಿಗನಿಗೆ ಲ್ಯಾಟಿನ್ ಅಮೆರಿಕದಲ್ಲಿ ‘ಕೊಂತದೋರ್’, ಸ್ಪೇನಿನಲ್ಲಿ ‘ಕೊಂತಾಬ್ಲೆ’. ಸ್ಪೇನಿನಲ್ಲಿ ಮನೆಯ ವಿದ್ಯುತ್ ಮೀಟರಿಗೂ ‘ಕೊಂತದೋರ್’ ಎಂದೇ ಹೆಸರು. ಇವೆಲ್ಲ ಒಂದೇ ಮನೆಯವು ಎಂದು ಗುರುತಿಸಿದರೆ ನೆನಪಿಗೆ ಅರ್ಧ ಹೊರೆ ಕಡಿಮೆ.

ಬೇರು ಇನ್ನೂ ಸ್ವಾರಸ್ಯವಾಗಿದೆ. ‘ಕೊಂತಾರ್’ ಬಂದದ್ದು ಲ್ಯಾಟಿನ್ನಿನ ‘ಕೊಂಪುತಾರೆ’ಯಿಂದ, ಅದರೊಳಗಿರುವುದು ‘ಪುತಾರೆ’. ಈ ‘ಪುತಾರೆ’ಗೆ ಗಿಡದ ರೆಂಬೆ ಸವರುವುದು ಎಂಬ ಅರ್ಥವೂ ಉಂಟು, ಲೆಕ್ಕ ಹಾಕು, ಯೋಚಿಸು ಎಂಬ ಅರ್ಥವೂ ಉಂಟು. ಬೇಡದ್ದನ್ನು ಸವರಿ ಚೊಕ್ಕ ಮಾಡಿದರೆ ಲೆಕ್ಕ, ಲೆಕ್ಕ ಚೊಕ್ಕವಾದರೆ ವಿಚಾರ. ಸ್ಪ್ಯಾನಿಷಿನಲ್ಲಿ ಇವತ್ತಿಗೂ ದ್ರಾಕ್ಷಿ ಬಳ್ಳಿ ಸವರುವುದಕ್ಕೆ ‘ಪೊದಾರ್’ ಎನ್ನುತ್ತಾರೆ. ಅದು ಇದೇ ‘ಪುತಾರೆ’ಯ ಇನ್ನೊಬ್ಬ ಮಗಳು. ನಾವು ದಿನಾ ಬಾಯಲ್ಲಾಡಿಸುವ ಅಕೌಂಟ್, ಡಿಸ್ಕೌಂಟ್, ಅಂಗಡಿಯ ಕೌಂಟರ್, ಕಂಪ್ಯೂಟರ್ ಎಲ್ಲವೂ ಈ ಬೇರಿನವೇ.

ಈಗ ಮಣಿ. ಕ್ರೈಸ್ತರ ಜಪಸರಕ್ಕೆ ಸ್ಪ್ಯಾನಿಷಿನಲ್ಲಿ ‘ರೊಸಾರ್ಯೊ’ (ಮಂಗಳೂರಿನ ರೊಸಾರಿಯೊ ಕೆಥೆಡ್ರಲ್ ಹೆಸರಿನಲ್ಲಿರುವುದೂ ಅದೇ ಪದ). ಹತ್ತು ಹತ್ತು ಮಣಿಗಳ ಐದು ಗುಂಪಿರುವ ಸಾಮಾನ್ಯ ಜಪಸರದಲ್ಲಿ ಒಟ್ಟು 59 ಮಣಿ: ಮರಿಯಮ್ಮನ ಪ್ರಾರ್ಥನೆಗೆ 53, ಪರಲೋಕದ ತಂದೆಯ ಪ್ರಾರ್ಥನೆಗೆ 6. ಎಷ್ಟು ಸಲ ಹೇಳಿದೆ ಎಂಬುದನ್ನು ಬಾಯಿ ಮರೆತರೂ ಬೆರಳು ಮರೆಯದಿರಲಿ ಎಂದೇ ಮಣಿ. ಎಣಿಸಲಿಕ್ಕೆ ಇಟ್ಟ ವಸ್ತುವಾದ್ದರಿಂದ ಅದರ ಹೆಸರೇ ‘ಎಣಿಕೆ’ ಆಯಿತು. ಇಂಗ್ಲಿಷಿನ ‘ಬೀಡ್’ ಬೇರೆ ದಾರಿಯಲ್ಲಿ ಬಂತು: ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲಪದಕ್ಕೆ ಪ್ರಾರ್ಥನೆ ಎಂದರ್ಥ. ಅದೇ ಜಪಸರವನ್ನು ಹಿಡಿದು ಒಂದು ಭಾಷೆ ಪ್ರಾರ್ಥನೆಯಿಂದ ಮಣಿಗೆ ಹೆಸರಿಟ್ಟಿತು, ಇನ್ನೊಂದು ಎಣಿಕೆಯಿಂದ. ಸ್ಪ್ಯಾನಿಷಿನ ಯೋಗದ ಪುಸ್ತಕಗಳಲ್ಲಿ ನಮ್ಮ ಜಪಮಾಲೆಯನ್ನೂ ‘108 ಕ್ವೆಂತಸ್’ ಉಳ್ಳದ್ದು ಎಂದೇ ವಿವರಿಸುತ್ತಾರೆ. ಮಣಿಚೌಕಟ್ಟಿನ, ಅಂದರೆ ಅಬ್ಯಾಕಸ್ಸಿನ, ಗುಂಡುಗಳೂ ‘ಕ್ವೆಂತಸ್’. ಎಣಿಕೆ ಮತ್ತು ಮಣಿ ಎರಡೂ ಒಟ್ಟಿಗೆ ಕಣ್ಣಿಗೆ ಕಾಣುವ ಜಾಗ ಅದು.

ಅಲ್ಲಿಂದ ಮುಂದೆ ದಾರ ಪೋಣಿಸುವ ತೂತಿರುವ ಯಾವ ಮಣಿಯಾದರೂ ‘ಕ್ವೆಂತ’ ಆಯಿತು, ಎಣಿಸಿದರೂ ಎಣಿಸದಿದ್ದರೂ. ಕೊಲಂಬಸ್ 1492ರ ಅಕ್ಟೋಬರ್ 12ರಂದು ದಡ ಮುಟ್ಟಿದಾಗ ದ್ವೀಪದ ಜನರಿಗೆ ಕೊಟ್ಟ ವಸ್ತುಗಳಲ್ಲಿ ಕೆಂಪು ಟೊಪ್ಪಿಗೆಗಳ ಜೊತೆ ‘ಕ್ವೆಂತಸ್ ದೆ ಬಿದ್ರಿಯೊ’, ಅಂದರೆ ಗಾಜಿನ ಮಣಿಗಳು, ಇದ್ದವೆಂದು ಅವನ ದಿನಚರಿಯಲ್ಲಿದೆ. ಅಂಗಡಿಯಲ್ಲಿ ಬರೀ ‘ಕ್ವೆಂತಸ್’ ಎಂದು ಕೇಳಿದರೆ ಎದುರಿನವರು ಒಂದು ಕ್ಷಣ ತಡವರಿಸಬಹುದು. ‘ಕ್ವೆಂತಸ್ ದೆ ಮದೇರ’ (ಮರದ ಮಣಿ), ‘ಕ್ವೆಂತಸ್ ದೆ ಬಿದ್ರಿಯೊ’ (ಗಾಜಿನ ಮಣಿ) ಎಂದು ವಸ್ತುವಿನ ಹೆಸರು ಸೇರಿಸಿ. ಸಾಸಿವೆಯಷ್ಟು ಸಣ್ಣ ಮಣಿ ಬೇಕಾದರೆ ಮೆಕ್ಸಿಕೊದಲ್ಲಿ ‘ಚಕೀರ’, ಅರ್ಜೆಂಟೀನದಲ್ಲಿ ‘ಮೊಸ್ತಸೀಯ’. ಮುತ್ತು ಮಾತ್ರ ‘ಪೆರ್ಲ’. ಮುತ್ತಿನ ಸರದಲ್ಲಿ ಪೋಣಿಸಿದ್ದಕ್ಕೆ ಯಾರೂ ಸುಮ್ಮನೆ ‘ಕ್ವೆಂತ’ ಎನ್ನುವುದಿಲ್ಲ.

ಬಿಲ್ಲಿನ ವಿಷಯ ಸರಳ, ಆದರೆ ನಮ್ಮ ‘ಬಿಲ್’ ಅಲ್ಲಿ ಹಲವು ಪದಗಳಾಗಿ ಒಡೆಯುತ್ತದೆ. ಊಟದ ಮೇಜಿಗೆ ಬರುವುದು ‘ಕ್ವೆಂತ’. ಕಂಪನಿಗೆ ತೋರಿಸಲು ತೆರಿಗೆ ಸಂಖ್ಯೆಯ ಸಮೇತ ಬೇಕಾದ್ದು ‘ಫಕ್ತೂರ’. ಕಚೇರಿ ಖರ್ಚಿನಲ್ಲಿ ಪ್ರವಾಸ ಹೋದವರು ‘ಕ್ವೆಂತ’ ಮಾತ್ರ ತಂದು ಲೆಕ್ಕದ ವಿಭಾಗದವರಿಂದ ವಾಪಸ್ ಕಳಿಸಿಕೊಳ್ಳುವುದು ಇಲ್ಲೇ. ದುಡ್ಡು ಕೊಟ್ಟ ಮೇಲೆ ಸಿಗುವ ರಸೀದಿ ‘ರೆಸೀಬೊ’. ಕರೆಂಟ್ ಬಿಲ್ ಸ್ಪೇನಿನಲ್ಲಿ ‘ಫಕ್ತೂರ ದೆ ಲ ಲುಸ್’, ಚಿಲಿಯಲ್ಲಿ ‘ಕ್ವೆಂತ ದೆ ಲ ಲುಸ್’. ಬ್ಯಾಂಕಿನ ಖಾತೆ, ಇಮೇಲ್ ಖಾತೆ, ಆ್ಯಪಿನ ಖಾತೆ ಎಲ್ಲ ‘ಕ್ವೆಂತ’. ಆದರೆ ನಮ್ಮ ಮಂತ್ರಿಗಳ ‘ಖಾತೆ’ ಅಲ್ಲಿ ‘ಕ್ವೆಂತ’ ಅಲ್ಲ. ಅದು ‘ಕರ್ತೇರ’, ಅಂದರೆ ಕೈಚೀಲ. ನಮ್ಮ ಜಮೀನು, ಸೈಟಿನ ‘ಖಾತೆ’ಯನ್ನು ‘ಕ್ವೆಂತ’ ಎಂದು ಅನುವಾದಿಸಿದರೆ ಓದಿದವರು ಬ್ಯಾಂಕ್ ಖಾತೆ ಎಂದೇ ತಿಳಿಯುತ್ತಾರೆ. ಶಾಲೆಯ ಕೂಡುವ, ಕಳೆಯುವ ಲೆಕ್ಕ ‘ಕ್ವೆಂತ’ ಹೌದು, ಆದರೆ ಲೆಕ್ಕದ ಮೇಷ್ಟ್ರು ‘ಮತೆಮಾತಿಕಸ್’ ಮೇಷ್ಟ್ರು.

ಇನ್ನು ‘ಲೆಕ್ಕ’ ಸಲೀಸಾಗಿ ಹೊಂದುವ ನುಡಿಗಟ್ಟುಗಳು. ‘ಪೆರ್ದೇರ್ ಲ ಕ್ವೆಂತ’ ಎಂದರೆ ಲೆಕ್ಕ ತಪ್ಪುವುದು. ‘ಪೆದೀರ್ ಕ್ವೆಂತಸ್’ ಎಂದರೆ ಲೆಕ್ಕ ಕೇಳುವುದು, ‘ರೆಂದೀರ್ ಕ್ವೆಂತಸ್’ ಎಂದರೆ ಲೆಕ್ಕ ಒಪ್ಪಿಸುವುದು. ಪತ್ರಿಕೆಗಳಲ್ಲಿ ಕಾಣುವ ‘ರೆಂದಿಸ್ಯೋನ್ ದೆ ಕ್ವೆಂತಸ್’ ಉತ್ತರದಾಯಿತ್ವ. ‘ಅಹುಸ್ತೆ ದೆ ಕ್ವೆಂತಸ್’ ಲೆಕ್ಕ ಚುಕ್ತಾ ಮಾಡುವುದು, ಅದೂ ಕನ್ನಡದ ಹಾಗೆ ದ್ವೇಷದ ಲೆಕ್ಕ; ಅಪರಾಧ ಸುದ್ದಿಯಲ್ಲಿ ಈ ಪದ ಬಂದರೆ ಹಣಕಾಸು ಅಂದುಕೊಳ್ಳಬೇಡಿ. ‘ಎಸ್ತೊ ಕೊರ್ರೆ ಪೊರ್ ಮಿ ಕ್ವೆಂತ’ ಎಂದರೆ ‘ಇದು ನನ್ನ ಲೆಕ್ಕದಲ್ಲಿ’. ಕಾಫಿಗೆ ದುಡ್ಡು ಕೊಡುವಾಗ ನಾವು ಆಡುವ ಮಾತೇ.

ಇಲ್ಲಿ ಏಕವಚನ, ಬಹುವಚನ ಬದಲಾದರೆ ಅರ್ಥವೂ ಬದಲಾಗುತ್ತದೆ. ‘ಯೆಬಾರ್ ಲ ಕ್ವೆಂತ’ ಅಂದರೆ ಎಷ್ಟಾಯಿತು ಎಂದು ಎಣಿಸುತ್ತ ಹೋಗುವುದು, ಆಟದಲ್ಲಿ ಅಂಕ ಬರೆದುಕೊಂಡ ಹಾಗೆ. ‘ಯೆಬಾರ್ ಲಾಸ್ ಕ್ವೆಂತಸ್’ ಅಂದರೆ ಅಂಗಡಿಯ ಅಥವಾ ಸಂಘದ ಲೆಕ್ಕಪತ್ರ ನೋಡಿಕೊಳ್ಳುವುದು. ಎರಡು ಸಕಾರ ಜಾಸ್ತಿಯಾದರೆ ನೀವು ಖಜಾಂಚಿ.

ಈಗ ಬಂತು ನೋಡಿ ಕಷ್ಟದ ಭಾಗ, ‘ದಾರ್ಸೆ ಕ್ವೆಂತ’. ಕನ್ನಡದಲ್ಲಿ ಇಲ್ಲಿ ಲೆಕ್ಕ ಬರುವುದೇ ಇಲ್ಲ. ನಮಗೆ ಗೊತ್ತಾಗುತ್ತದೆ, ಗಮನಕ್ಕೆ ಬರುತ್ತದೆ, ಹೊಳೆಯುತ್ತದೆ, ಅರಿವಾಗುತ್ತದೆ. ಸ್ಪ್ಯಾನಿಷಿನವರು ಮಾತ್ರ ‘ತನಗೆ ತಾನೇ ಲೆಕ್ಕ ಕೊಟ್ಟುಕೊಳ್ಳುತ್ತಾರೆ’. ‘ದಾರ್’ ಅಂದರೆ ಕೊಡುವುದು, ‘ಸೆ’ ಅಂದರೆ ತನಗೆ. ಬರೀ ‘ದಾರ್ ಕ್ವೆಂತ ದೆ’ ಎಂದರೆ ಇನ್ನೊಬ್ಬರಿಗೆ ವರದಿ ಒಪ್ಪಿಸುವುದು. ಆ ವರದಿಯನ್ನು ನಮಗೆ ನಾವೇ ಒಪ್ಪಿಸಿಕೊಂಡರೆ ಅರಿವು.

ಕನ್ನಡ ಬಲ್ಲವರು ಇಲ್ಲಿ ಮಾಡುವ ತಪ್ಪಿಗೆ ಕಾರಣ ಸ್ಪಷ್ಟವಾಗಿದೆ. ‘ಮೆ ಗುಸ್ತ’ ಅಂದರೆ ‘ನನಗೆ ಇಷ್ಟ’ ಎಂದು ಆಗಲೇ ಕಲಿತಿರುತ್ತೀರಿ. ಅಲ್ಲಿನ ‘ಮೆ’ ನಮ್ಮ ‘ನನಗೆ’ಗೆ ಚೆನ್ನಾಗಿ ಕೂರುತ್ತದೆ. ‘ನನಗೆ ಗೊತ್ತಾಯಿತು’ ಎಂದಾಗಲೂ ‘ನನಗೆ’ ಇದೆಯಲ್ಲ, ಹಾಗಾಗಿ ಅದೇ ಅಚ್ಚಿನಲ್ಲಿ ‘ಮೆ ದ್ಯೊ ಕ್ವೆಂತ’ ಎಂಬ ವಾಕ್ಯ ಬಾಯಿಗೆ ಬಂದುಬಿಡುತ್ತದೆ. ಇದು ತಪ್ಪು. ‘ದ್ಯೊ’ ಅಂದರೆ ಅವನು ಅಥವಾ ಅವಳು ಕೊಟ್ಟದ್ದು. ನಿಮ್ಮ ವಾಕ್ಯಕ್ಕೆ ‘ಅವನು ನನಗೆ ವರದಿ ಕೊಟ್ಟ’ ಎಂಬ ಅರ್ಥ ಬಂದೀತು. ಸ್ಪ್ಯಾನಿಷಿನಲ್ಲಿ ಅರಿತುಕೊಂಡವರೇ ಕರ್ತೃ. ನಾನು ಅರಿತರೆ ‘ಮೆ ದಿ ಕ್ವೆಂತ’, ನೀನು ಅರಿತರೆ ‘ತೆ ದೀಸ್ತೆ ಕ್ವೆಂತ’, ಅವಳು ಅರಿತರೆ ‘ಸೆ ದ್ಯೊ ಕ್ವೆಂತ’, ನಾವು ಅರಿತರೆ ‘ನೊಸ್ ದೀಮೊಸ್ ಕ್ವೆಂತ’, ಅವರು ಅರಿತರೆ ‘ಸೆ ದ್ಯೇರೊನ್ ಕ್ವೆಂತ’. ಸರ್ವನಾಮ ಮತ್ತು ಕ್ರಿಯಾಪದ ಎರಡೂ ಒಬ್ಬರದೇ ಆಗಿರಬೇಕು. ಎಷ್ಟು ಜನರಿದ್ದರೂ ‘ಕ್ವೆಂತ’ ಏಕವಚನದಲ್ಲೇ ಇರುತ್ತದೆ, ಮುಂದೆ ‘ಲ’ ಬರುವುದಿಲ್ಲ. ‘ನನಗೆ’ಯನ್ನು ಬಿಟ್ಟು ‘ನಾನು ಗಮನಿಸಿದೆ’ ಎಂದು ಕನ್ನಡದಲ್ಲಿ ಮನಸ್ಸಿನೊಳಗೆ ತಿರುಗಿಸಿಕೊಂಡು ಆಮೇಲೆ ಸ್ಪ್ಯಾನಿಷಿಗೆ ಹೋದರೆ ಈ ತಪ್ಪು ಆಗುವುದಿಲ್ಲ.

ಎರಡನೆಯ ತಪ್ಪು ಇಂಗ್ಲಿಷಿನಿಂದ ಬರುವಂಥದ್ದು. ‘ರಿಯಲೈಸ್’ ಎಂದು ಯೋಚಿಸಿ ‘ರೆಅಲಿಸಾರ್’ ಎನ್ನುತ್ತಾರೆ. ‘ರೆಅಲಿಸಾರ್’ ಅಂದರೆ ಕೆಲಸವನ್ನು ನೆರವೇರಿಸುವುದು. ಅರಿವಿಗೂ ಅದಕ್ಕೂ ಸಂಬಂಧವಿಲ್ಲ.

ಮೂರನೆಯದು ಕಾಲ. ‘ಮೆ ದಿ ಕ್ವೆಂತ’ ಎಂದರೆ ಆ ಗಳಿಗೆಯಲ್ಲಿ ಗೊತ್ತಾಯಿತು. ‘ಮೆ ದಾಬ ಕ್ವೆಂತ’ ಎಂದರೆ ಆಗೆಲ್ಲ ಗೊತ್ತಾಗುತ್ತಲೇ ಇತ್ತು. ಕಳ್ಳತನದ ಬಗ್ಗೆ ಪೊಲೀಸರೆದುರು ಎರಡನೆಯದನ್ನು ಹೇಳಿದರೆ ಮುಂದಿನ ಪ್ರಶ್ನೆ ‘ಮತ್ತೆ ಸುಮ್ಮನಿದ್ದಿರೇಕೆ’ ಎಂದಿರುತ್ತದೆ. ದಿನಬಳಕೆಯಲ್ಲಿ ಹೆಚ್ಚು ಉಪಯೋಗಕ್ಕೆ ಬರುವ ಇನ್ನೆರಡು: ಯಾರಿಗೋ ಕೈ ತಾಗಿದಾಗ ‘ನೊ ಮೆ ದಿ ಕ್ವೆಂತ’ (ನೋಡಲಿಲ್ಲ, ಗೊತ್ತಾಗಲಿಲ್ಲ), ಮತ್ತು ‘ಸಿನ್ ದಾರ್ಮೆ ಕ್ವೆಂತ’ (ನನಗೇ ಗೊತ್ತಿಲ್ಲದ ಹಾಗೆ).

ನಾಲ್ಕನೆಯದು ‘ದೆ’ ಎಂಬ ಪುಟ್ಟ ಪದ. ‘ಅಂಗಡಿ ಮುಚ್ಚಿದೆ ಎಂದು ಗೊತ್ತಾಯಿತು’ ಎನ್ನಲು ‘ಮೆ ದಿ ಕ್ವೆಂತ ದೆ ಕೆ...’ ಎಂದು ಶುರು ಮಾಡಬೇಕು. ‘ದೆ’ ಬಿಟ್ಟು ‘ಮೆ ದಿ ಕ್ವೆಂತ ಕೆ’ ಎಂದು ಅಲ್ಲಿನವರೂ ಮಾತಿನಲ್ಲಿ ಆಡುತ್ತಾರೆ, ಆದರೆ ಬರಹದಲ್ಲಿ, ಪರೀಕ್ಷೆಯಲ್ಲಿ ಅದು ತಪ್ಪು. ‘ತೆನೇರ್ ಎನ್ ಕ್ವೆಂತ’ (ಲೆಕ್ಕಕ್ಕೆ ತೆಗೆದುಕೊಳ್ಳುವುದು) ಎಂಬುದರಲ್ಲಿ ಇದಕ್ಕೆ ಉಲ್ಟಾ: ‘ತೆನ್ ಎನ್ ಕ್ವೆಂತ ಕೆ...’ ಸರಿ, ‘ದೆ ಕೆ’ ತಪ್ಪು. ಬಾಯಿಪಾಠ ಬೇಡ, ಒಂದು ಪರೀಕ್ಷೆ ಸಾಕು. ಉದ್ದದ ಉಪವಾಕ್ಯವನ್ನು ತೆಗೆದು ಆ ಜಾಗದಲ್ಲಿ ‘ಎಸೊ’ (ಅದು) ಎಂದು ಹಾಕಿ ನೋಡಿ. ‘ಮೆ ದಿ ಕ್ವೆಂತ ದೆ ಎಸೊ’ ಎನ್ನಬೇಕು, ‘ದೆ’ ಇಲ್ಲದೆ ನಿಲ್ಲುವುದಿಲ್ಲ. ‘ತೆಂಗೊ ಎನ್ ಕ್ವೆಂತ ಎಸೊ’ ಎಂಬುದಕ್ಕೆ ‘ದೆ’ ಬೇಕೇ ಇಲ್ಲ. ‘ಎಸೊ’ ಹಿಂದೆ ‘ದೆ’ ಇದ್ದರೆ ‘ಕೆ’ ಹಿಂದೆಯೂ ಇರುತ್ತದೆ.

‘ತೆನೇರ್ ಎನ್ ಕ್ವೆಂತ’ದ ಜಾಗದಲ್ಲಿ ಲ್ಯಾಟಿನ್ ಅಮೆರಿಕದಲ್ಲಿ ‘ತೊಮಾರ್ ಎನ್ ಕ್ವೆಂತ’ ಕೂಡ ಸಾಕಷ್ಟು ಕೇಳುತ್ತದೆ, ಎರಡೂ ಸರಿ. ಇದರಲ್ಲೂ ‘ಲ’ ಇಲ್ಲ. ಸಲಹೆ ಕೊಟ್ಟವರಿಗೆ ‘ಲೊ ತೆಂದ್ರೇ ಎನ್ ಕ್ವೆಂತ’ ಎಂದರೆ ‘ಗಮನದಲ್ಲಿಟ್ಟುಕೊಳ್ತೀನಿ’. ನಮ್ಮ ‘ನೋಡೋಣ ಬಿಡಿ’ಯಷ್ಟೇ ಭರವಸೆ ಅದರಲ್ಲಿರುವುದೂ ಉಂಟು. ‘ಲ’ ಬರುವುದು ‘ಕಯೇರ್ ಎನ್ ಲ ಕ್ವೆಂತ’ದಲ್ಲಿ, ಅಕ್ಷರಶಃ ‘ಲೆಕ್ಕದೊಳಕ್ಕೆ ಬೀಳುವುದು’. ಇದು ನಮ್ಮ ‘ಹೊಳೆಯಿತು’. ಅಲ್ಲಿಯವರೆಗೆ ಎದುರಿಗೇ ಇದ್ದದ್ದು ತಡವಾಗಿ ಥಟ್ಟನೆ ಅರ್ಥವಾದಾಗ ಇದನ್ನು ಬಳಸುತ್ತಾರೆ. ಬಾಗಿಲ ಹೊರಗೆ ಮಳೆ ಬರುತ್ತಿರುವುದನ್ನು ಗಮನಿಸಿದ್ದಕ್ಕೆ ‘ದಾರ್ಸೆ ಕ್ವೆಂತ’ ಸಾಕು.

ಸ್ಪೇನಿಗೆ ಕೆಲಸಕ್ಕೆ ಹೋಗುವವರು ಒಂದು ಜೋಡಿಯನ್ನು ತಪ್ಪದೆ ತಿಳಿದಿರಬೇಕು. ವಾಸ ಮತ್ತು ಕೆಲಸದ ಪರವಾನಗಿಯ ಅರ್ಜಿಗಳಲ್ಲಿ ‘ಪೊರ್ ಕ್ವೆಂತ ಅಹೇನ’ ಮತ್ತು ‘ಪೊರ್ ಕ್ವೆಂತ ಪ್ರೋಪ್ಯ’ ಎಂದಿರುತ್ತದೆ. ‘ಅಹೇನ’ ಅಂದರೆ ಪರರದು, ‘ಪ್ರೋಪ್ಯ’ ಅಂದರೆ ಸ್ವಂತದ್ದು. ಮೊದಲನೆಯದು ಸಂಬಳದ ನೌಕರಿ, ಎರಡನೆಯದು ಸ್ವಂತ ಉದ್ಯೋಗ. ನಿಘಂಟಿನ ಮೊದಲ ಅರ್ಥವನ್ನೇ ನಂಬಿ ‘ಸ್ವಂತ ಖಾತೆ’ ಎಂದರೆ ಬ್ಯಾಂಕ್ ಖಾತೆ ಅಂದುಕೊಂಡು ಗುರುತು ಹಾಕಿದರೆ ಅರ್ಜಿಯ ಬಗೆಯೇ ಬದಲಾಗುತ್ತದೆ.

ಕೆಲವನ್ನು ಬರೀ ಸವಿಯಲೆಂದು ಕೊಡುತ್ತೇನೆ. ಬೆರಳು ಮಡಿಚಿ ಎಣಿಸುವುದಕ್ಕೆ ‘ಲ ಕ್ವೆಂತ ದೆ ಲ ಬ್ಯೇಹ’, ಮುದುಕಿಯ ಲೆಕ್ಕ. ಮಿತಿಮೀರಿ ಕುಡಿದವನು ‘ಮಾಸ್ ದೆ ಲ ಕ್ವೆಂತ’ ಕುಡಿದವನು. ಬಸುರಿಗೆ ದಿನ ತುಂಬಿದರೆ ಸ್ಪೇನಿನಲ್ಲಿ ‘ಸಲೀರ್ ದೆ ಕ್ವೆಂತಸ್’, ಲೆಕ್ಕದಿಂದ ಹೊರಬರುವುದು. ನಾವು ತುಂಬಿತು ಅನ್ನುವ ಕಡೆ ಅವರು ದಾಟಿತು ಅನ್ನುತ್ತಾರೆ. ಹಳೆಯದನ್ನು ಮರೆತು ಹೊಸದಾಗಿ ಶುರು ಮಾಡಲು ‘ಬೊರ್ರೋನ್ ಇ ಕ್ವೆಂತ ನ್ವೇಬ’: ಲೆಕ್ಕದ ಪುಸ್ತಕದ ಮೇಲೆ ಒಂದು ಮಸಿಚುಕ್ಕೆ, ಪಕ್ಕದಲ್ಲಿ ಹೊಸ ಲೆಕ್ಕ.

ಓದುವಾಗ ಇನ್ನೊಂದು ಗೊಂದಲ ಆಗುತ್ತದೆ. ‘ಕ್ವೆಂತ’ ಎಂಬ ರೂಪ ಕ್ರಿಯಾಪದವೂ ಹೌದು, ಮತ್ತು ‘ಕೊಂತಾರ್’ಗೆ ಎಣಿಸು ಎಂಬುದರ ಜೊತೆ ಹೇಳು ಎಂಬ ಅರ್ಥವೂ ಇದೆ. ‘ಕ್ವೆಂತ ಲ ಲೆಯೆಂದ ಕೆ...’ ಎಂದರೆ ‘ಐತಿಹ್ಯ ಹೇಳುವುದೇನೆಂದರೆ’. ‘ಕ್ವೆಂತ ಕೊನ್‌ಮೀಗೊ’ ಎಂದರೆ ‘ನಾನಿದ್ದೇನೆ, ನಂಬು’. ಗುರುತು ಇಷ್ಟೆ: ಹಿಂದೆ ‘ಲ’, ‘ಉನ’, ‘ಮಿ’, ‘ಎನ್’, ‘ಪೊರ್’ ಇದ್ದರೆ ಅಥವಾ ‘ದಾರ್’ನ ಯಾವುದಾದರೂ ರೂಪ ಇದ್ದರೆ ನಾಮಪದ, ವಾಕ್ಯದ ತಲೆಯಲ್ಲೇ ಒಂಟಿಯಾಗಿ ನಿಂತಿದ್ದರೆ ಬಹುಪಾಲು ಕ್ರಿಯಾಪದ. ಔಷಧಿಯ ಹನಿ ಹಾಕುವ ‘ಕ್ವೆಂತಗೋತಸ್’ನಲ್ಲಿರುವುದೂ ಕ್ರಿಯಾಪದವೇ, ‘ಹನಿ ಎಣಿಸುವಂಥದ್ದು’. ಆದ್ದರಿಂದ ಪದ ಪುಲ್ಲಿಂಗ, ‘ಎಲ್ ಕ್ವೆಂತಗೋತಸ್’.

ಅರಿವು, ಮಣಿ ಎರಡೂ ಅರ್ಥ ಒಂದೇ ವಾಕ್ಯದಲ್ಲಿ ಬಂದರೆ ಹೇಗೆ ಬಿಡಿಸುವುದು ನೋಡಿ: ‘ಸೆ ದ್ಯೊ ಕ್ವೆಂತ ದೆ ಕೆ ಫಲ್ತಾಬ ಉನ ಕ್ವೆಂತ ಎನ್ ಎಲ್ ಕೊಯಾರ್.’ ಮೊದಲ ‘ಕ್ವೆಂತ’ದ ಹಿಂದೆ ‘ಸೆ ದ್ಯೊ’ ಇದೆ, ಮುಂದೆ ‘ದೆ ಕೆ’ ಇದೆ, ನಡುವೆ ‘ಲ’ ಆಗಲಿ ‘ಉನ’ ಆಗಲಿ ಇಲ್ಲ: ಇದು ಅರಿವು. ಎರಡನೆಯದರ ಹಿಂದೆ ‘ಉನ’ ಇದೆ, ಒಂದು ಎಂದು ಎಣಿಸಬಹುದಾದ ವಸ್ತು; ಪಕ್ಕದಲ್ಲಿ ‘ಕೊಯಾರ್’, ಅಂದರೆ ಕೊರಳ ಸರ: ಇದು ಮಣಿ. ‘ಸರದಲ್ಲಿ ಒಂದು ಮಣಿ ಇಲ್ಲದ್ದು ಅವಳ ಗಮನಕ್ಕೆ ಬಂತು.’ ಪದವನ್ನಲ್ಲ, ಅದರ ಎಡಬಲವನ್ನು ಓದಿದ್ದರಿಂದ ಅರ್ಥ ಸಿಕ್ಕಿತು. ನಿಮ್ಮ ಪದಪಟ್ಟಿಯಲ್ಲೂ ‘ಕ್ವೆಂತ’ ಎಂದು ಒಂಟಿಯಾಗಿ ಬರೆದು ಎದುರಿಗೆ ಆರು ಅರ್ಥ ಬರೆಯಬೇಡಿ. ‘ಎನ್ ಕ್ವೆಂತ’, ‘ಎನ್ ಲ ಕ್ವೆಂತ’, ‘ಪೊರ್ ಮಿ ಕ್ವೆಂತ’ ಎಂದು ಇಡಿಯಾಗಿ ಬರೆದುಕೊಳ್ಳಿ.

ನಿಮ್ಮ ಕಥೆಯ ಅಜ್ಜಿಯ ವಿಷಯಕ್ಕೂ ಇದೇ ಸಾಕು. ಅವಳು ‘ಪಸಾಬ ಲಾಸ್ ಕ್ವೆಂತಸ್’ ಎಂದಿದ್ದರೆ ಜಪಸರದ ಮಣಿ ಸರಿಸುತ್ತಿದ್ದಾಳೆ. ‘ಅಸೀಅ ಕ್ವೆಂತಸ್’ ಎಂದಿದ್ದರೆ ತಿಂಗಳ ಖರ್ಚು ಕೂಡಿಸುತ್ತಿದ್ದಾಳೆ. ‘ಕೊಂತಾಬ ಕ್ವೆಂತೊಸ್’ ಎಂದಿದ್ದರೆ ಮೊಮ್ಮಕ್ಕಳನ್ನು ಕೂರಿಸಿಕೊಂಡು ಕಥೆ ಹೇಳುತ್ತಿದ್ದಾಳೆ.